ಹಣೆಪಟ್ಟಿ ಹಚ್ಚೋ ಮುಂಚೆ ಮಾತ್ರೆಪಟ್ಟಿ ಕೇಳಿ

1/8
ಕಳೆದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಒಬ್ಬಳು ಕೇಳಿದ್ಲು: "ಮೊಡವೆ ತುಂಬಾ ಆಗ್ತಿದೆ, ಯಾರಿಗಾದ್ರೂ ಒಳ್ಳೆ ಮಾತ್ರೆ ಗೊತ್ತಾ?"

ನಾಲ್ಕೇ ನಿಮಿಷದಲ್ಲಿ ಮೂರು ಉತ್ತರ ಬಂತು. ಅದರಲ್ಲೊಂದು ಸ್ಟ್ರಿಪ್‌ನ ಫೋಟೋ. ಮಿನೋಸೈಕ್ಲಿನ್. ಕೆಳಗೆ ಬರೆದಿತ್ತು: "ನಂಗೆ ಸೂಪರಾಗಿ ಕೆಲಸ ಮಾಡ್ತು. ಒಂದು ವರ್ಷದಿಂದ ತಗೋತಿದೀನಿ. ಯಾವ ಮೆಡಿಕಲ್‌ನಲ್ಲಾದ್ರೂ ಕೊಡ್ತಾರೆ, ಚೀಟಿ ಕೇಳಲ್ಲ." ಅದಕ್ಕೆ ಹನ್ನೊಂದು ಹಾರ್ಟು ಬಿದ್ದಿದ್ವು.

ಇದು ಯಾವುದೋ ಬ್ಯೂಟಿ ಗ್ರೂಪ್ ಅಲ್ಲ ಸ್ವಾಮಿ. ಬಿ.ಫಾರ್ಮಾ ಮೂರನೇ ವರ್ಷದವರ ಗ್ರೂಪು. ಮುಂದೆ ಕೌಂಟರ್ ಹಿಂದೆ ನಿಂತು ಊರಿಗೆಲ್ಲ ಮಾತ್ರೆ ಕೊಡಬೇಕಾದವರು ನಾವು. ನಾವೇ ಹೀಗಾದ್ರೆ?

ಆ ಫೋಟೋ ನೋಡಿ ನನಗೆ ಸಿಟ್ಟು ಬಂದಿದ್ದಕ್ಕೆ ಕಾರಣ ಇದೆ. ಅದೇ ಮಾತ್ರೆ ನಮ್ಮ ಚಿಕ್ಕಮ್ಮನ ಮಗಳನ್ನ ಆಸ್ಪತ್ರೆ ಮೆಟ್ಟಿಲು ಹತ್ತಿಸಿತ್ತು. ಅವಳ ಕಥೆ 4ನೇ ಭಾಗದಲ್ಲಿ ಬರುತ್ತೆ. ಅವಳನ್ನ ಕೇಳಿಯೇ ಬರೀತಿದೀನಿ. "ಹೆಸರು ಬೇಡ, ಉಳಿದಿದ್ದೆಲ್ಲ ಬರಿ" ಅಂದಳು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಈ ಎಂಟು ಕ್ಯಾಪ್ಷನ್ ಓದಿ ಯಾರೂ ತಮ್ಮ ಮಾತ್ರೆ ತಾವೇ ನಿಲ್ಲಿಸಬೇಡಿ. ನನ್ನ ವಾದ ಇರೋದು ಒಂದೇ: ಲಿವರ್‌ಗೆ ತೊಂದರೆ ಬಂದ ಹುಡುಗ ಹುಡುಗಿಯರಿಗೆ ಜೀವನಪೂರ್ತಿ ಕಾಯಿಲೆಯ ಹಣೆಪಟ್ಟಿ ಹಚ್ಚೋ ಮುಂಚೆ ಅವರ ಮಾತ್ರೆಪಟ್ಟಿ ಕೇಳಬೇಕು. ಕೇಳೋದು ಡಾಕ್ಟರ ಕೆಲಸ. ಮುಚ್ಚಿಡದೆ ಹೇಳೋದು ನಮ್ಮ ಕೆಲಸ. ಸದ್ಯಕ್ಕೆ ಇವೆರಡೂ ಸರಿಯಾಗಿ ನಡೀತಿಲ್ಲ.

ಸೇವ್ ಮಾಡ್ಕೊಳ್ಳಿ. ಮುಂದಿನದು ಲಿವರ್ ಬಗ್ಗೆ.

2/8
ಮಿನೋಸೈಕ್ಲಿನ್ ಅಂದ್ರೆ ಏನು? ಟೆಟ್ರಾಸೈಕ್ಲಿನ್ ಕುಟುಂಬದ ಆಂಟಿಬಯೋಟಿಕ್. 1970ರ ದಶಕದ ಶುರುವಿನಿಂದ ಬಳಕೆಯಲ್ಲಿದೆ. ಮೊಡವೆಗೆ ಇದನ್ನ ಬರೀತಾರೆ, ಕೆಲಸಾನೂ ಮಾಡುತ್ತೆ. ಅದರಲ್ಲಿ ಸುಳ್ಳಿಲ್ಲ.

ಆದರೆ ನಮ್ಮ ಜನ ಇದನ್ನ "ಆಂಟಿಬಯೋಟಿಕ್" ಅಂತ ನೋಡೋದೇ ಇಲ್ಲ. ಜ್ವರಕ್ಕೆ ಐದು ದಿನ ತಗೊಂಡ್ರೆ ಆಂಟಿಬಯೋಟಿಕ್. ಮುಖಕ್ಕೆ ಒಂದು ವರ್ಷ ತಗೊಂಡ್ರೆ "ಸ್ಕಿನ್ ಟ್ಯಾಬ್ಲೆಟ್". ಹೆಸರು ಬದಲಾಯಿಸಿದ್ರೆ ಲಿವರ್‌ಗೆ ಗೊತ್ತಾಗಲ್ವಾ?

ನಾವು ನುಂಗಿದ ಬಹುತೇಕ ಔಷಧಿಗಳನ್ನ ಒಡೆದು, ಬೇರೆ ರೂಪಕ್ಕೆ ತಂದು, ಹೊರಗೆ ಕಳಿಸೋ ಕೆಲಸದಲ್ಲಿ ಲಿವರ್‌ದು ದೊಡ್ಡ ಪಾಲು. ಹೀಗೆ ಒಡೆಯುವಾಗ ಕೆಲವು ಔಷಧಿಗಳ ಚೂರುಗಳು ಲಿವರಿನದೇ ಪ್ರೋಟೀನ್‌ಗೆ ಅಂಟಿಕೊಳ್ಳುತ್ತವೆ. ಆಗ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಗೊಂದಲ. ಮನೆಯವನೇ ಬೇರೆ ಯಾರದೋ ಅಂಗಿ ಹಾಕ್ಕೊಂಡು ಕತ್ತಲಲ್ಲಿ ಬಂದ್ರೆ ನಾಯಿ ಬೊಗಳಲ್ವಾ, ಹಾಗೆ. ತನ್ನದೇ ಲಿವರ್ ಕೋಶಗಳ ಮೇಲೆ ಅದು ಬೀಳುತ್ತೆ. ಔಷಧಿಯಿಂದ ಇಂಥ ಉರಿಯೂತ ಹೇಗೆ ಬರುತ್ತೆ ಅನ್ನೋದಕ್ಕೆ ವಿಜ್ಞಾನಿಗಳು ಕೊಡೋ ಮುಖ್ಯ ವಿವರಣೆ ಇದು.

ಎಲ್ಲರಿಗೂ ಹೀಗಾಗಲ್ಲ. ಲಕ್ಷಾಂತರ ಜನ ತಗೋತಾರೆ, ಬಹಳ ಕಮ್ಮಿ ಜನರಿಗೆ ಆಗುತ್ತೆ. ಹುಟ್ಟಿನಿಂದ ಬಂದ ಜೀನ್‌ಗಳಿಗೂ ಇದರಲ್ಲಿ ಪಾತ್ರ ಇದೆ. ಎಚ್‌ಎಲ್‌ಎ-ಬಿ 35:02 ಅನ್ನೋ ಜೀನ್ ರೂಪ ಇರೋರಿಗೆ ಮಿನೋಸೈಕ್ಲಿನ್‌ನಿಂದ ಲಿವರ್ ತೊಂದರೆ ಬರೋ ಸಾಧ್ಯತೆ ಹೆಚ್ಚು ಅಂತ 2017ರಲ್ಲಿ ಸಂಶೋಧಕರು ತೋರಿಸಿದ್ರು.

ನಿಮ್ಮ ಜೀನ್ ಯಾವುದು ಅಂತ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಸ್ಟ್ರಿಪ್ ಫೋಟೋ ಹಾಕಿದವಳಿಗಂತೂ ನಿಮ್ಮ ಜೀನ್ ಗೊತ್ತೇ ಇಲ್ಲ. "ನಂಗೆ ಏನೂ ಆಗಿಲ್ಲ" ಅನ್ನೋದು ಅವಳ ಲಿವರ್ ಬಗ್ಗೆ ಅವಳು ಕೊಟ್ಟ ಸರ್ಟಿಫಿಕೇಟು. ನಿಮ್ಮದಕ್ಕೆ ಅದು ನಡೆಯಲ್ಲ.

3/8
ಈಗ ಅಸಲಿ ವಿಷಯ. ಈ ತೊಂದರೆ ವೇಷ ಹಾಕ್ಕೊಂಡು ಬರುತ್ತೆ.

ಆಟೋಇಮ್ಯೂನ್ ಹೆಪಟೈಟಿಸ್ ಅಂತ ಒಂದು ಕಾಯಿಲೆ ಇದೆ. ಯಾವ ಮಾತ್ರೆಯ ಪ್ರಚೋದನೆಯೂ ಇಲ್ಲದೆ ದೇಹವೇ ಲಿವರ್ ಮೇಲೆ ತಿರುಗಿ ಬೀಳೋದು. ಹೆಂಗಸರಲ್ಲಿ ಹೆಚ್ಚು, ಚಿಕ್ಕ ವಯಸ್ಸಲ್ಲೂ ಬರಬಹುದು. ಇದಕ್ಕೆ ಸ್ಟಿರಾಯ್ಡ್, ಅಜಥಯೋಪ್ರಿನ್ ಕೊಡ್ತಾರೆ. ಬಹಳ ಜನ ವರ್ಷಗಟ್ಟಲೆ, ಕೆಲವರು ಜೀವನಪೂರ್ತಿ ತಗೋಬೇಕು.

ಮಿನೋಸೈಕ್ಲಿನ್‌ನಿಂದ ಬರೋ ಲಿವರ್ ಉರಿಯೂತ ಎಷ್ಟೋ ಸಲ ಥೇಟ್ ಇದೇ ಥರ ಕಾಣುತ್ತೆ. ಅದೇ ಸುಸ್ತು, ಅದೇ ಕೀಲು ನೋವು, ಅದೇ ಕಾಮಾಲೆ. ರಕ್ತ ಪರೀಕ್ಷೆಯಲ್ಲಿ ಎಎಲ್‌ಟಿ, ಎಎಸ್‌ಟಿ ಏರಿರುತ್ತೆ. ಎಎನ್‌ಎ ಪಾಸಿಟಿವ್. ಐಜಿಜಿ ಜಾಸ್ತಿ. ಬಯಾಪ್ಸಿ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೂ ಬರೀ ಅದರಿಂದಲೇ ಇದು ಅದಲ್ಲ ಅಂತ ಹೇಳೋದು ಕಷ್ಟ.

ಹಾಗಾದ್ರೆ ವ್ಯತ್ಯಾಸ ಎಲ್ಲಿ ಸಿಗುತ್ತೆ? ರೋಗಿಯ ಬ್ಯಾಗಲ್ಲಿ. ಮೇಜಿನ ಡ್ರಾಯರ್‌ನಲ್ಲಿ. ಅವಳು ತಿಂತಿರೋ ಮಾತ್ರೆಯಲ್ಲಿ.

2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಿಂದ ಒಂದು ಅಧ್ಯಯನ ಬಂತು. ಆಟೋಇಮ್ಯೂನ್ ಹೆಪಟೈಟಿಸ್ ಇದ್ದ 261 ಜನರ ದಾಖಲೆ ನೋಡಿದ್ರು. ಅದರಲ್ಲಿ 24 ಜನರದ್ದು ಔಷಧಿಯಿಂದ ಬಂದಿದ್ದು. ಆ 24ರಲ್ಲಿ 11 ಮಿನೋಸೈಕ್ಲಿನ್, 11 ನೈಟ್ರೋಫ್ಯುರಾಂಟೊಯಿನ್. ಅಂದ್ರೆ ಎರಡೇ ಆಂಟಿಬಯೋಟಿಕ್‌ಗಳ ಪಾಲು 22.

ಇನ್ನೊಂದು ಲೆಕ್ಕ ನೋಡಿ. ಔಷಧಿಯಿಂದ ಬಂದಿದ್ದ 14 ಜನರಿಗೆ ಆಮೇಲೆ ಸ್ಟಿರಾಯ್ಡ್ ಥರದ ಮಾತ್ರೆಗಳನ್ನ ನಿಲ್ಲಿಸಿ ನೋಡಿದ್ರು. ಒಬ್ಬರಿಗೂ ಕಾಯಿಲೆ ಮರಳಲಿಲ್ಲ. ನಿಜವಾದ ಆಟೋಇಮ್ಯೂನ್ ಗುಂಪಲ್ಲಿ ನಿಲ್ಲಿಸಿದಾಗ 65% ಜನರಿಗೆ ಮರಳಿತು.

ಈ ವ್ಯತ್ಯಾಸ ಸಣ್ಣದಾ ಹೇಳಿ? ಒಬ್ಬಳಿಗೆ ಕೆಲವು ತಿಂಗಳ ಚಿಕಿತ್ಸೆ ಸಾಕು. ಇನ್ನೊಬ್ಬಳಿಗೆ ಹತ್ತಾರು ವರ್ಷ ಬೇಕು. ಇಬ್ಬರಲ್ಲಿ ನೀವು ಯಾರು ಅಂತ ಗೊತ್ತಾಗೋಕೆ ಮೊದಲು ಬೇಕಾಗಿರೋದು ಒಂದು ಪ್ರಶ್ನೆ, ಒಂದು ನಿಜವಾದ ಉತ್ತರ.

4/8
ನಮ್ಮ ಚಿಕ್ಕಮ್ಮನ ಮಗಳ ಕಥೆ.

ಇಪ್ಪತ್ತು ವರ್ಷ. ಪಿಜಿಯಲ್ಲಿದ್ದಳು. ಮೊದಲು ಸುಸ್ತು, ಆಮೇಲೆ ಬೆರಳ ಗೆಣ್ಣು ನೋವು, ಊಟ ಕಂಡರೆ ವಾಕರಿಕೆ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮನೇ ನೋಡಿ ಕೂಗಿಕೊಂಡ್ರು, "ಕಣ್ಣು ಯಾಕೇ ಹಿಂಗೆ ಹಳದಿ ಆಗಿದೆ?"

ಊರಿಗೆ ಕರೆಸಿದ್ರು. ಆಮೇಲೆ ಶುರುವಾಯ್ತು ನೋಡಿ. ಅಜ್ಜಿ: "ಹೊರಗಡೆ ಪಾನಿಪುರಿ ತಿಂದು ತಿಂದು ಕಾಮಾಲೆ ತರಿಸ್ಕೊಂಡಿದಾಳೆ." ಸೋದರಮಾವ: "ಕಿರುನೆಲ್ಲಿ ಸೊಪ್ಪಿನ ಔಷಧಿ ಕೊಡೋರು ಇದಾರೆ, ಮೂರು ದಿನ ಪಥ್ಯ ಮಾಡಿದ್ರೆ ಸಾಕು." ಪಕ್ಕದ ಮನೆಯವರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ "ಪಿಜಿ ಹುಡುಗಿಯರು ಕುಡೀತಾರಂತೆ" ಅನ್ನೋ ಮಾತು ನಮ್ಮ ಕಿವಿಗೂ ಬಿತ್ತು.

ಡಾಕ್ಟರು ಕೇಳಿದ್ರು, "ಬೇರೆ ಏನಾದ್ರೂ ಮಾತ್ರೆ ತಗೋತಿದೀಯಾಮ್ಮಾ?" ಅವಳು "ಇಲ್ಲ ಸರ್" ಅಂದಳು.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಮೊಡವೆ ಮಾತ್ರೆ ಅವಳ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಜೊತೆಗೆ ಅಮ್ಮ ಪಕ್ಕದಲ್ಲೇ ಕೂತಿದ್ರು. ಮುಖಕ್ಕೆ ದುಡ್ಡು ಸುರೀತಿದೀಯಾ ಅಂತ ಬೈಸಿಕೊಳ್ಳೋಕೆ ಯಾರಿಗೆ ಬೇಕು?

ವೈರಸ್ ಪರೀಕ್ಷೆಗಳೆಲ್ಲ ನೆಗೆಟಿವ್. ಎಎನ್‌ಎ ಪಾಸಿಟಿವ್. "ಆಟೋಇಮ್ಯೂನ್ ಇರಬಹುದು, ಜೀವನಪೂರ್ತಿ ಮಾತ್ರೆ ಬೇಕಾಗಬಹುದು" ಅಂದ್ರು. ಅವತ್ತು ರಾತ್ರಿ ಚಿಕ್ಕಮ್ಮ ಅತ್ತಿದ್ದು ಲಿವರ್‌ಗಲ್ಲ, ಮುಂದೆ ಮದುವೆ ಹೇಗೆ ಅಂತ.

ಮೂರು ವಾರ ಆದ್ಮೇಲೆ ಬೇರೆ ಕಡೆ ತೋರಿಸಿದಾಗ ಅಲ್ಲಿನ ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ, ಅದೇ ಪ್ರಶ್ನೆಯನ್ನ ಬಿಡಿಸಿ ಬಿಡಿಸಿ ಕೇಳಿದ್ರು. "ಮುಖಕ್ಕೆ? ಕೂದಲಿಗೆ? ಮೂತ್ರದ ಉರಿಗೆ? ತೂಕ ಇಳಿಸೋಕೆ? ಪುಡಿ, ಕಷಾಯ, ಜಿಮ್‌ದು?"

"ಮುಖಕ್ಕೆ" ಅಂದಳು. ಹದಿನಾಲ್ಕು ತಿಂಗಳ ಮಿನೋಸೈಕ್ಲಿನ್. ಮೊದಲ ಎರಡು ತಿಂಗಳಿಗೆ ಮಾತ್ರ ಚೀಟಿ ಇತ್ತು.

ಅವತ್ತೇ ಅದನ್ನ ನಿಲ್ಲಿಸಿದ್ರು. ಕೆಲವು ತಿಂಗಳು ಸ್ಟಿರಾಯ್ಡ್ ಕೊಟ್ಟು ನಿಧಾನಕ್ಕೆ ಇಳಿಸಿದ್ರು. ಈಗ ಎರಡು ವರ್ಷ ಆಯ್ತು, ಲಿವರ್ ಟೆಸ್ಟ್ ನಾರ್ಮಲ್. ಈಗಲೂ ಆಗಾಗ ಚೆಕಪ್‌ಗೆ ಹೋಗ್ತಾಳೆ.

ಸ್ಟಿರಾಯ್ಡ್ ತಗೊಂಡಾಗ ಅವಳ ಮುಖ ಊದಿತ್ತು. ಮತ್ತೆ ಮೊಡವೆ ಬಂದಿತ್ತು. ಯಾವುದಕ್ಕೆ ಹೆದರಿ ಮಾತ್ರೆ ನುಂಗಿದ್ದಳೋ ಅದೇ.

5/8
ಈಗ ಕೌಂಟರ್ ಕಡೆ ಬರೋಣ. ಹನ್ನೆರಡು ತಿಂಗಳು ಚೀಟಿ ಇಲ್ಲದೆ ಕೊಟ್ಟಿದ್ದು ಯಾರು? ನಾಳೆ ನಾವು ಆಗೋರು.

ಫಾರ್ಮಸಿ ಕಾನೂನು ಪೇಪರಿಗೆ ಎಲ್ಲರೂ ಬಾಯಿಪಾಠ ಮಾಡಿದೀವಿ. ಶೆಡ್ಯೂಲ್ ಎಚ್ ಅಂದ್ರೆ ನೋಂದಾಯಿತ ವೈದ್ಯರ ಚೀಟಿ ಇದ್ರೆ ಮಾತ್ರ ಮಾರಬೇಕು. ಶೆಡ್ಯೂಲ್ ಎಚ್1 ಬಂದಿದ್ದು 2014ರ ಮಾರ್ಚ್‌ನಿಂದ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸ್ಟ್ರಿಪ್ ಮೇಲಿನ ಕೆಂಪು ಗೆರೆ ಬಗ್ಗೆ ಪ್ರಚಾರ ಮಾಡ್ತು: ಗೆರೆ ಇದ್ರೆ ಚೀಟಿ ಇಲ್ಲದೆ ತಗೋಬೇಡಿ. ಇಂಟರ್ನಲ್ಸ್‌ನಲ್ಲಿ ಇದಕ್ಕೆ ಮಾರ್ಕ್ಸ್ ತಗೊಂಡವರೇ ಗ್ರೂಪಲ್ಲಿ "ಯಾವ ಮೆಡಿಕಲ್‌ನಲ್ಲಾದ್ರೂ ಕೊಡ್ತಾರೆ" ಅಂತ ಹಾಕ್ತಾರೆ. ನಾಚಿಕೆ ಆಗಬೇಕು.

"ಅಯ್ಯೋ, ಮೊದಲು ಡಾಕ್ಟರೇ ಬರೆದಿದ್ದಲ್ವಾ?" ಅಂತೀರಿ. ಬರೆದಿದ್ದು ಎಷ್ಟು ದಿನಕ್ಕೆ? ಮೊಡವೆಗೆ ನುಂಗೋ ಆಂಟಿಬಯೋಟಿಕ್ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ಮೀರಬಾರದು, ಒಂದೇ ಮದ್ದಾಗಿ ಕೊಡದೆ ಬೆಂಜಾಯಿಲ್ ಪೆರಾಕ್ಸೈಡ್ ಥರದ ಹಚ್ಚೋ ಔಷಧಿ ಜೊತೆ ಕೊಡಬೇಕು ಅಂತ ಚರ್ಮವೈದ್ಯರ ಮಾರ್ಗಸೂಚಿಗಳೇ ಹೇಳ್ತವೆ. ಬ್ರಿಟನ್ನಿನಲ್ಲಿ ಮಿನೋಸೈಕ್ಲಿನ್ ಆರು ತಿಂಗಳು ದಾಟಿದ್ರೆ ಮೂರು ತಿಂಗಳಿಗೊಮ್ಮೆ ಲಿವರ್ ತೊಂದರೆ, ಚರ್ಮ ಕಪ್ಪಾಗೋದು, ಲೂಪಸ್ ಇವನ್ನ ಗಮನಿಸಬೇಕು ಅಂತ ಅಲ್ಲಿನ ಔಷಧ ಕೈಪಿಡಿಯಲ್ಲಿದೆ. ಯಾಕಂದ್ರೆ ಆಟೋಇಮ್ಯೂನ್ ಥರದ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳೋದೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೊಂಡ ಮೇಲೆ. ಮೊದಲ ತಿಂಗಳು ಏನೂ ಆಗಲಿಲ್ಲ ಅಂದ್ರೆ ಗೆದ್ದ ಹಾಗಲ್ಲ.

ಇಷ್ಟೆಲ್ಲ ಮಾಡಿ ಸಿಗೋ ಲಾಭ? ಮಿನೋಸೈಕ್ಲಿನ್ ಬೇರೆ ಮೊಡವೆ ಚಿಕಿತ್ಸೆಗಳಿಗಿಂತ ಮೇಲು ಅನ್ನೋದಕ್ಕೆ ಪುರಾವೆ ಇಲ್ಲ, ಮೊದಲ ಆಯ್ಕೆಯಾಗಿ ಬಳಸೋಕೆ ಕಾರಣ ಇಲ್ಲ ಅಂತ 2012ರಲ್ಲೇ ಕಾಕ್ರೇನ್ ವಿಮರ್ಶೆ ಹೇಳಿಬಿಟ್ಟಿದೆ.

ಹಳೇ ಚೀಟಿ ತೋರಿಸಿದ್ರೆ ಕೊಡೋದು, ಖಾಲಿ ಸ್ಟ್ರಿಪ್ ತೋರಿಸಿದ್ರೆ ಕೊಡೋದು, ಮೊಬೈಲಲ್ಲಿ ಫೋಟೋ ತೋರಿಸಿದ್ರೂ ಕೊಡೋದು. ಇದನ್ನ "ಸರ್ವಿಸ್" ಅಂತ ಕರೀಬೇಡಿ.

6/8
ಇದು ಹುಡುಗಿಯರ ಮೊಡವೆ ಸಮಸ್ಯೆ ಅಂದ್ಕೊಂಡು ಸ್ಕ್ರೋಲ್ ಮಾಡ್ತಿರೋ ಹುಡುಗರೇ, ನಿಲ್ಲಿ. ಹುಡುಗರಿಗೂ ಇದು ಬರುತ್ತೆ. ಮನೆಯಲ್ಲಿ ಅಮ್ಮ, ಅಜ್ಜಿ ಬೇರೆ ಇದಾರೆ.

3ನೇ ಭಾಗದ ಲೆಕ್ಕದಲ್ಲಿ ಇನ್ನೊಂದು 11 ಇತ್ತು, ನೆನಪಿದೆಯಾ? ನೈಟ್ರೋಫ್ಯುರಾಂಟೊಯಿನ್. ಮೂತ್ರದ ಸೋಂಕಿಗೆ ಕೊಡೋ ಹಳೇ, ಒಳ್ಳೇ ಔಷಧಿ. ಐದು ದಿನದ ಕೋರ್ಸ್‌ಗೆ ಹೆದರೋ ಅಗತ್ಯ ಇಲ್ಲ. ತೊಂದರೆ ಹೆಚ್ಚಾಗಿ ಕಾಣೋದು, ಸೋಂಕು ಮತ್ತೆ ಮತ್ತೆ ಬರಬಾರದು ಅಂತ ದಿನಾ ರಾತ್ರಿ ಒಂದರಂತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಗೋಳೋರಲ್ಲಿ. ಅವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಇದೂ ಆಟೋಇಮ್ಯೂನ್ ವೇಷದಲ್ಲೇ ಬರಬಹುದು, ಕೆಲವರಲ್ಲಿ ಶ್ವಾಸಕೋಶಕ್ಕೂ ಹಾನಿ ಮಾಡುತ್ತೆ. ಗೊತ್ತಾಗದೆ ಮುಂದುವರಿಸಿದ್ರೆ ಪ್ರಾಣಕ್ಕೇ ಕುತ್ತು ಬರಬಹುದು.

ಈಗ ನಮ್ಮ ಅಮ್ಮಂದಿರನ್ನ ನೆನೆಸ್ಕೊಳ್ಳಿ. ಉರಿಮೂತ್ರ ಅಂತ ಗಂಡಸರ ಮುಂದೆ, ಮಕ್ಕಳ ಮುಂದೆ ಬಾಯಿ ಬಿಡ್ತಾರಾ? ಆ ಸ್ಟ್ರಿಪ್ ಎಲ್ಲಿರುತ್ತೆ ಹೇಳಿ. ಅಡುಗೆಮನೆ ಡಬ್ಬಿ ಹಿಂದೆ, ಇಲ್ಲ ಬೀರುವಿನ ಸೀರೆ ಸಂದಿಯಲ್ಲಿ. ಅವರ ಕಣ್ಣು ಹಳದಿಯಾದ ದಿನ ಡಾಕ್ಟರ ಮುಂದೆ ಮಾತಾಡೋರು ಅವರಲ್ಲ, ಜೊತೆಗೆ ಹೋದ ಮಗ. ಮಗನಿಗೆ ಗೊತ್ತಿರೋದು ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡೇ.

ಮೊಡವೆ ಬಗ್ಗೆ ನಾಚಿಕೆ, ಮೂತ್ರದ ಬಗ್ಗೆ ನಾಚಿಕೆ. ಈ ನಾಚಿಕೆಯಿಂದಾನೇ ಈ ಎರಡೂ ಮಾತ್ರೆಗಳು ಪಟ್ಟಿಯಿಂದ ಜಾರಿಹೋಗೋದು. ನಾವು ನಗ್ತೀವಿ, ಅವರು ಮುಚ್ಚಿಡ್ತಾರೆ. ಕ್ಲಾಸಲ್ಲಿ ಯಾರದೋ ಮುಖ ನೋಡಿ "ಏನೇ ಇದು, ಬೂಂದಿ ಕಾಳಾ?" ಅಂತ ತಮಾಷೆ ಮಾಡಿದ ಪ್ರತಿಯೊಬ್ಬರಿಗೂ ಇದರಲ್ಲಿ ಪಾಲಿದೆ. ನನಗೂ ಇದೆ, ನಾನೂ ನಕ್ಕಿದೀನಿ.

7/8
ಡಿಎಂನಲ್ಲಿ ಬಂದ ಮಾತುಗಳಿಗೆ ಇಲ್ಲೇ ಉತ್ತರ.

"ಇಷ್ಟು ಅಪರೂಪದ್ದಕ್ಕೆ ಇಷ್ಟೊಂದು ಗಲಾಟೆ ಯಾಕೆ?"
ಅಪರೂಪ ಹೌದು. ಅದಕ್ಕೇ ಯಾರಿಗೂ ಹೊಳೆಯಲ್ಲ, ಅದಕ್ಕೇ ನೆನಪು ಮಾಡಬೇಕಾಗಿರೋದು. ಪ್ರಶ್ನೆ ಕೇಳೋಕೆ ಎರಡು ನಿಮಿಷ, ಖರ್ಚು ಸೊನ್ನೆ. ಕೇಳದೆ ಇದ್ದಿದ್ದಕ್ಕೆ ನಮ್ಮ ಚಿಕ್ಕಮ್ಮನ ಮನೆ ಮೂರು ವಾರ ನರಕ ನೋಡಿತು. ಔಷಧಿಯಿಂದ ಲಿವರ್ ಕೋಶಗಳಿಗೆ ಪೆಟ್ಟು ಬಿದ್ದು ಕಾಮಾಲೆಯೂ ಬಂದ್ರೆ ಅದು ಸಣ್ಣ ವಿಷಯ ಅಲ್ಲ. ಹಾಗಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಪ್ರಾಣಕ್ಕೆ ಅಪಾಯ ಅನ್ನೋದು ಹೈಮನ್ ಜಿಮ್ಮರ್‌ಮನ್ ಅನ್ನೋ ವೈದ್ಯರ ಕಾಲದಿಂದ ಬಂದ ಲೆಕ್ಕ. ಅವರ ಹೆಸರಲ್ಲೇ ಅದಕ್ಕೆ 'ಹೈ ನಿಯಮ' ಅಂತಾರೆ.

"ಅದಕ್ಕೇ ನಾವು ಇಂಗ್ಲಿಷ್ ಔಷಧಿ ಮುಟ್ಟಲ್ಲ. ನಮ್ಮದೆಲ್ಲ ಗಿಡಮೂಲಿಕೆ."
ಬನ್ನಿ, ಕೂತ್ಕೊಳ್ಳಿ. ಕೊರೊನಾ ಸಮಯದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದೀತಿತ್ತಲ್ಲ? 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತಗೊಂಡಿದ್ದ 6 ಜನರಲ್ಲಿ ಇದೇ ಥರದ, ಆಟೋಇಮ್ಯೂನ್ ಲಕ್ಷಣದ ಲಿವರ್ ಉರಿಯೂತವನ್ನ ವರದಿ ಮಾಡಿದ್ರು. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ. ಮುಂದಿನ ವರ್ಷ ದೇಶದ ಬೇರೆ ಬೇರೆ ಕಡೆಯ ಪ್ರಕರಣಗಳನ್ನ ಸೇರಿಸಿದ ಇನ್ನೊಂದು ಅಧ್ಯಯನ ಬಂತು. ಕಷಾಯ, ಪುಡಿ, ಲೇಹ್ಯ, ಎಲ್ಲವೂ ಪಟ್ಟಿಗೆ ಸೇರಬೇಕು ಅಂತ ನಾನು ಹೇಳೋದು ಅದಕ್ಕೇ.

"ಹಾಗಾದ್ರೆ ನನ್ನ ಅಕ್ಕನ ಆಟೋಇಮ್ಯೂನ್ ಕಾಯಿಲೆಯೂ ಸುಳ್ಳಾ? ಸ್ಟಿರಾಯ್ಡ್ ನಿಲ್ಲಿಸಲಾ?"
ದಯವಿಟ್ಟು ಬೇಡ. ನಿಜವಾದ ಆಟೋಇಮ್ಯೂನ್ ಹೆಪಟೈಟಿಸ್ ಇದ್ದೇ ಇದೆ. ಔಷಧಿಯಿಂದ ಬರೋದಕ್ಕಿಂತ ಅದೇ ಹೆಚ್ಚು. ಸ್ಟಿರಾಯ್ಡ್ ಧಡಕ್ಕನೆ ಬಿಟ್ಟರೆ ಜೀವಕ್ಕೆ ಅಪಾಯ. ಅಕ್ಕನ ಹಳೇ ಮಾತ್ರೆಗಳ ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ. ತೀರ್ಮಾನ ಅವರದ್ದು. ಟಿಬಿ ಔಷಧಿ ತಗೋತಿರೋರಿಗೂ ಇದೇ ಮಾತು: ಲಿವರ್ ತೊಂದರೆ ಅನಿಸಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕೋರ್ಸ್ ಬಗ್ಗೆ ನೀವೇ ನಿರ್ಧಾರ ಮಾಡಬೇಡಿ.

"ಡಾಕ್ಟರಿಗೆ ಟೈಮ್ ಎಲ್ಲಿರುತ್ತೆ?"
ಹೊರಗೆ ಅರವತ್ತು ಜನ ಕಾಯ್ತಿರುವಾಗ ಬಿಡಿಸಿ ಬಿಡಿಸಿ ಕೇಳೋದು ಕಷ್ಟ, ಒಪ್ಪಿದೆ. ಹಾಗಂತ ಟೈಮ್ ಇಲ್ಲ ಅನ್ನೋ ಕಾರಣಕ್ಕೆ ಇಪ್ಪತ್ತು ವರ್ಷದ ಹುಡುಗಿಗೆ "ಜೀವನಪೂರ್ತಿ" ಅನ್ನೋ ಮಾತನ್ನ ಹೇಳಿಬಿಡೋಕೆ ಆಗಲ್ಲ. ಅವರಿಗೆ ಟೈಮ್ ಇಲ್ಲ ಅಂದ್ರೆ ನಾವೇ ಬರ್ಕೊಂಡು ಹೋಗೋಣ.

8/8
ಕೊನೇ ಭಾಗ. ಬೈದಿದ್ದು ಸಾಕು, ಈಗ ಕೆಲಸ.

ಒಂದು. ಫೋನಲ್ಲಿ ಈಗಲೇ ಒಂದು ನೋಟ್ ತೆಗೀರಿ. ಹೆಸರು: ಮಾತ್ರೆಪಟ್ಟಿ. ಕಳೆದ ಒಂದು ವರ್ಷದಲ್ಲಿ ತಗೊಂಡಿದ್ದೆಲ್ಲ ಬರೀರಿ. ಮೊಡವೆ ಮಾತ್ರೆ, ನೋವಿನ ಮಾತ್ರೆ, ಪಿರಿಯಡ್ಸ್ ಮಾತ್ರೆ, ಜಿಮ್ ಪುಡಿ, ಕಷಾಯ, ಕೂದಲಿನ ಕ್ಯಾಪ್ಸೂಲ್. ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು. ಸ್ಟ್ರಿಪ್ ಹಿಂಭಾಗದ ಫೋಟೋ ಇದ್ರೆ ಇನ್ನೂ ಒಳ್ಳೇದು.

ಎರಡು. ತುಂಬಾ ದಿನದಿಂದ ಮೊಡವೆ ಮಾತ್ರೆ ನಡೀತಿದ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ವಾಪಸ್ ಹೋಗಿ. ಎರಡೇ ಪ್ರಶ್ನೆ: "ಇನ್ನೂ ಎಷ್ಟು ದಿನ? ಲಿವರ್ ಟೆಸ್ಟ್ ಬೇಕಾ?"

ಮೂರು. ಬಿಡದ ಸುಸ್ತು, ವಾಕರಿಕೆ, ಕೀಲು ನೋವು, ಮೈ ತುರಿಕೆ, ಕಡು ಬಣ್ಣದ ಮೂತ್ರ, ಹಳದಿ ಕಣ್ಣು. ಮಾತ್ರೆ ತಗೋತಿರುವಾಗ ಇವು ಕಂಡ್ರೆ ಸೊಪ್ಪಿನ ಔಷಧಿ, ಬರೆ ಹಾಕಿಸೋದು ಅಂತ ದಿನ ಕಳೀಬೇಡಿ. ಪಟ್ಟಿ ಹಿಡ್ಕೊಂಡು ಅವತ್ತೇ ಆಸ್ಪತ್ರೆಗೆ ಹೋಗಿ.

ನಾಲ್ಕು. ಔಷಧಿಯಿಂದ ತೊಂದರೆ ಆಗಿದೆ ಅನಿಸಿದ್ರೆ ವರದಿ ಮಾಡಿ. ನಮ್ಮ ದೇಶದಲ್ಲಿ ಅದಕ್ಕಂತಲೇ 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಉಚಿತ ಸಹಾಯವಾಣಿ 1800-180-3024. ಸಾಮಾನ್ಯ ಜನರೂ ವರದಿ ಮಾಡಬಹುದು, ಫಾರಂ ಕನ್ನಡದಲ್ಲೂ ಇದೆ. ಪರೀಕ್ಷೆಗೆ ಓದಿದ್ದನ್ನ ಒಮ್ಮೆಯಾದ್ರೂ ಬಳಸಿ.

ಐದು, ನನ್ನ ಕ್ಲಾಸಿನವರಿಗೆ ಮಾತ್ರ. ನಾಳೆ ನಿಮ್ಮ ಕೌಂಟರ್‌ಗೆ ಒಬ್ಬಳು ಖಾಲಿ ಸ್ಟ್ರಿಪ್ ಹಿಡ್ಕೊಂಡು ಬರ್ತಾಳೆ. ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿರ್ತಾಳೆ. ಹಿಂದೆ ಕ್ಯೂ ಇರುತ್ತೆ, ಮಾಲೀಕರು ನೋಡ್ತಿರ್ತಾರೆ. ಆಗ ಮೆಲ್ಲಗೆ ಕೇಳಿ, "ಎಷ್ಟು ತಿಂಗಳಾಯ್ತು ತಗೊಳ್ಳೋಕೆ ಶುರು ಮಾಡಿ? ಡಾಕ್ಟರಿಗೆ ತೋರಿಸಿದ್ರಾ?" ಚೀಟಿ ಇಲ್ಲ ಅಂದ್ರೆ ಕೊಡಬೇಡಿ. ಒಂದು ಸ್ಟ್ರಿಪ್ ವ್ಯಾಪಾರ ಹೋಗುತ್ತೆ. ಹೋಗಲಿ.

ಗ್ರೂಪಲ್ಲಿ ಫೋಟೋ ಹಾಕಿದ ಗೆಳತಿಗೆ: ನಿನ್ನ ಮೇಲೆ ಕೋಪ ಇಲ್ಲ ಕಣೇ. ಹಾಕೋವಾಗ ನಿಂಗೂ ಗೊತ್ತಿರಲಿಲ್ಲ. ಆದರೆ ನಿಂಗೆ ಒಂದು ವರ್ಷ ಆಗಿದೆ. ಶನಿವಾರ ಮಧ್ಯಾಹ್ನ ಲ್ಯಾಬ್ ಇಲ್ಲ, ನಾನು ಜೊತೆಗೆ ಬರ್ತೀನಿ. ಡಾಕ್ಟರ ಹತ್ತಿರ ಹೋಗಿ ಕೇಳೋಣ, ಒಂದು ಲಿವರ್ ಟೆಸ್ಟ್ ಮಾಡಿಸೋಣ. ಎಲ್ಲ ನಾರ್ಮಲ್ ಬಂದ್ರೆ ಮಸಾಲೆ ದೋಸೆ ನನ್ನ ಲೆಕ್ಕ.

ಉಳಿದವರು ಕಾಮೆಂಟಲ್ಲಿ ಬರೀರಿ: ನಿಮ್ಮ ಪಟ್ಟಿಯಲ್ಲಿ ಎಷ್ಟು ಸಾಲು ಬಂತು? ಮಾತ್ರೆ ಹೆಸರು ಹಾಕಬೇಡಿ, ಸಂಖ್ಯೆ ಮಾತ್ರ. ನಂದು ಏಳು. ಬರೆಯೋ ಮುಂಚೆ ಕೇಳಿದ್ರೆ "ಏನೂ ತಗೊಳ್ಳಲ್ಲ" ಅಂತಿದ್ದೆ.

#ಮಾತ್ರೆಪಟ್ಟಿ #ಚೀಟಿಇಲ್ಲದೆಬೇಡ #ಕೆಂಪುಗೆರೆ #ಬಿಫಾರ್ಮಾಕನ್ನಡ